ಒಂಬತ್ತು ಗಂಟೆಯ ಕೆಲಸ ಎಂಟಕ್ಕೆ ಇಳಿದಾಗ ಏನಾಯ್ತು?

ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು ಅನ್ನೋ ಜಗಳ ನಮ್ಮಲ್ಲಿ ಆಗಾಗ ಹೊತ್ತಿಕೊಳ್ಳುತ್ತೆ. 2023ರಲ್ಲಿ ಒಬ್ಬ ದೊಡ್ಡವರು ವಾರಕ್ಕೆ 70 ಗಂಟೆ ಅಂದರು. 2025ರ ಜನವರಿಯಲ್ಲಿ ಇನ್ನೊಬ್ಬರು 90 ಅಂದರು. ಒಂದು ವಾರ ಟೀವಿಯಲ್ಲಿ, ಕ್ಯಾಂಟೀನಿನಲ್ಲಿ, ಆಫೀಸ್ ಬಸ್ಸಿನಲ್ಲಿ ಎಲ್ಲರೂ ಇದನ್ನೇ ಮಾತಾಡಿದರು. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಮರಳಿದರು.

ಈ ಜಗಳದಲ್ಲಿ ನನಗೆ ಬೇಸರ ತರಿಸುವ ಸಂಗತಿ ಒಂದಿದೆ. ಒಬ್ಬರು "ದೇಶ ಮುಂದೆ ಬರಬೇಡವೇ" ಅಂತಾರೆ, ಇನ್ನೊಬ್ಬರು "ನಮಗೂ ಹೆಂಡತಿ ಮಕ್ಕಳು ಇಲ್ಲವೇ" ಅಂತಾರೆ. ಇಬ್ಬರೂ ಒಂದು ಮಾತನ್ನು ಮಾತ್ರ ಪ್ರಶ್ನೆಯೇ ಇಲ್ಲದೆ ಒಪ್ಪಿಕೊಂಡಿರುತ್ತಾರೆ. ಕೆಲಸಗಾರನ ನೆಮ್ಮದಿ ಮತ್ತು ಕಂಪನಿಯ ಉತ್ಪಾದನೆ ತಕ್ಕಡಿಯ ಎರಡು ತಟ್ಟೆಗಳು, ಒಂದು ಮೇಲೇರಿದರೆ ಇನ್ನೊಂದು ಇಳಿಯಲೇಬೇಕು ಅನ್ನೋ ಮಾತು ಅದು. ನಿಜಕ್ಕೂ ಹಾಗೇನಾ? ಯಾರಾದರೂ ಅಳತೆ ಮಾಡಿ ನೋಡಿದ್ದಾರಾ?

ನೋಡಿದ್ದಾರೆ. ಅದೂ 1900ರಲ್ಲಿ, ಜರ್ಮನಿಯ ಯೇನಾ ಎಂಬ ಪುಟ್ಟ ಊರಿನಲ್ಲಿ. ಅಳೆದವನು ಮ್ಯಾನೇಜ್‌ಮೆಂಟ್ ಗುರುವಲ್ಲ, ಭೌತಶಾಸ್ತ್ರಜ್ಞ. ಹೆಸರು ಎರ್ನ್‌ಸ್ಟ್ ಅಬ್ಬೆ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರು ಮೈಕ್ರೋಸ್ಕೋಪ್ ಮುಟ್ಟಿಯೇ ಇರುತ್ತೀರಿ. ಸ್ಲೈಡ್ ಇಡುವ ಜಾಗದ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಒಂದು ಮಸೂರ ಇರುತ್ತದಲ್ಲ, ಅದಕ್ಕೆ ಇಂದಿಗೂ ಅಬ್ಬೆ ಕಂಡೆನ್ಸರ್ ಅಂತಲೇ ಹೆಸರು. ಬೆಳಕಿನ ಅಲೆಯ ಉದ್ದದಿಂದಾಗಿ ಮೈಕ್ರೋಸ್ಕೋಪಿನ ನೋಟಕ್ಕೆ ಒಂದು ಮಿತಿ ಇದೆ, ಎಷ್ಟೇ ಒಳ್ಳೆಯ ಗಾಜು ಹಾಕಿದರೂ ಅದನ್ನು ದಾಟಲಾಗದು ಎಂದು 1873ರಲ್ಲಿ ತೋರಿಸಿಕೊಟ್ಟವನು ಇವನೇ. ಆ ಸೂತ್ರವನ್ನು ಯೇನಾದಲ್ಲಿ ಆತನ ಸ್ಮಾರಕದ ಮೇಲೆ ಕೆತ್ತಿದ್ದಾರೆ. (ಅಂದ ಹಾಗೆ, ಕನ್ನಡದಲ್ಲಿ ಅಬ್ಬೆ ಅಂದರೆ ತಾಯಿ. ಹವ್ಯಕರ ಮನೆಗಳಲ್ಲಿ ಇವತ್ತಿಗೂ ಅಮ್ಮನನ್ನು ಹಾಗೆಯೇ ಕರೆಯುತ್ತಾರೆ. ನಮ್ಮ ಈ ಅಬ್ಬೆಯ ಕಥೆ ಶುರುವಾಗುವುದು ಮಾತ್ರ ಅಪ್ಪನಿಂದ!)

ನೂಲಿನ ಗಿರಣಿಯ ಅಪ್ಪ

ಅಬ್ಬೆ ಹುಟ್ಟಿದ್ದು 1840ರಲ್ಲಿ, ಐಸೆನಾಖ್ ಎಂಬ ಊರಿನಲ್ಲಿ. ಅಪ್ಪ ಅಲ್ಲಿನ ನೂಲಿನ ಗಿರಣಿಯಲ್ಲಿ ಕೆಲಸಗಾರ. ಕೆಲಸ ದಿನಕ್ಕೆ 14 ಗಂಟೆ, ಬೇಡಿಕೆ ಹೆಚ್ಚಿದಾಗ 16 ಗಂಟೆ, ಅಷ್ಟೂ ಹೊತ್ತು ನಿಂತುಕೊಂಡೇ. ಊಟಕ್ಕೆ ಅಂತ ಬಿಡುವಿರಲಿಲ್ಲ. ಐದರಿಂದ ಒಂಬತ್ತು ವರ್ಷದವನಿದ್ದಾಗ ಅಬ್ಬೆ ಮತ್ತು ಆತನ ತಂಗಿ ಸರದಿಯ ಮೇಲೆ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದರು. ಅಪ್ಪ ಯಂತ್ರಕ್ಕೆ ಒರಗಿ ನಿಂತು ಪಾತ್ರೆಯಿಂದಲೇ ಗಬಗಬ ಅಂತ ಸೂಪು ಸುರಿದುಕೊಂಡು, ಖಾಲಿ ಪಾತ್ರೆ ಮಗನ ಕೈಗಿತ್ತು ಕೆಲಸಕ್ಕೆ ತಿರುಗುತ್ತಿದ್ದ.

ಇದನ್ನೆಲ್ಲ ಅಬ್ಬೆ ತಾನೇ 1901ರಲ್ಲಿ ಯೇನಾದ ಒಂದು ಉಪನ್ಯಾಸದಲ್ಲಿ ಹೇಳಿದ. ತನಗಿಂತ ಎತ್ತರದ, ಗಟ್ಟಿಮುಟ್ಟಾದ ಆಳಾಗಿದ್ದ ಅಪ್ಪ 48ನೇ ವಯಸ್ಸಿಗೆ ಮುದುಕನಂತೆ ಕಾಣುತ್ತಿದ್ದನಂತೆ. ಅಷ್ಟು ಕಸುವಿಲ್ಲದ ಅವನ ಜತೆಗಾರರು 38ಕ್ಕೇ ಮುದುಕರಾಗಿದ್ದರಂತೆ. ಯಾರನ್ನೂ ಬೈಯದೆ ಅಬ್ಬೆ ಇದನ್ನು ಹೇಳಿದ. ಬೈಯುವ ಹಾಗೂ ಇರಲಿಲ್ಲ. ಅಬ್ಬೆಯ ಓದಿಗೆ ನೆರವಾದವನೇ ಆ ಗಿರಣಿಯ ಮಾಲೀಕ! ಹುಡುಗ ಚುರುಕಾಗಿದ್ದಾನೆ ಎಂದು ಒಬ್ಬ ಯಜಮಾನ ಫೀಸು ಕಟ್ಟಬಲ್ಲ, ಅದೇ ಯಜಮಾನ ಹುಡುಗನ ಅಪ್ಪನನ್ನು 16 ಗಂಟೆ ನಿಲ್ಲಿಸಬಲ್ಲ. ಯಜಮಾನನ ಒಳ್ಳೆಯತನ ಅನ್ನುವುದು ನಂಬಿ ಬದುಕು ಕಟ್ಟುವಂಥ ಅಡಿಪಾಯವಲ್ಲ. ಅಬ್ಬೆ ಮುಂದೆ ಮಾಡಿದ ಕೆಲಸಗಳನ್ನು ನೋಡಿದರೆ, ಈ ಪಾಠ ಆತನಿಗೆ ಚೆನ್ನಾಗಿಯೇ ಹತ್ತಿತ್ತು ಅನ್ನಿಸುತ್ತದೆ.

ಅಂದಾಜಿನಿಂದ ಲೆಕ್ಕಕ್ಕೆ

ಕಾರ್ಲ್ ಝೈಸ್ ಎಂಬ ಕುಶಲಕರ್ಮಿ 1846ರಲ್ಲಿ ಯೇನಾದಲ್ಲಿ ಒಂದು ವರ್ಕ್‌ಶಾಪ್ ತೆರೆದಿದ್ದ. (ಕ್ಯಾಮೆರಾ ಲೆನ್ಸುಗಳ ಮೇಲೆ ನೋಡಿರುತ್ತೀರಲ್ಲ, ಅದೇ ಝೈಸ್. ಈಗ ನಮ್ಮ ಬೆಂಗಳೂರಿನಲ್ಲೂ ಆ ಕಂಪನಿ ಇದೆ.) ಆಗೆಲ್ಲ ಮೈಕ್ರೋಸ್ಕೋಪ್ ಮಾಡುವುದು ಅಂದರೆ ಕೈಗುಣದ ಮಾತು. ಮಸೂರ ಉಜ್ಜುವುದು, ಜೋಡಿಸಿ ನೋಡುವುದು, ಸರಿ ಬಾರದಿದ್ದರೆ ಬೇರೆ ಮಸೂರ ಹಾಕುವುದು. ಒಂದು ಚೆನ್ನಾಗಿ ಬಂದರೆ ಇನ್ನೊಂದು ಹಾಗೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಝೈಸ್ ಇದರಿಂದ ಬೇಸತ್ತು 1866ರಲ್ಲಿ ಯೇನಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ 26 ವರ್ಷದ ಅಬ್ಬೆಯನ್ನು ಕರೆದ. ಮೊದಲೇ ಲೆಕ್ಕ ಹಾಕಿ, ಆ ಲೆಕ್ಕದ ಪ್ರಕಾರ ಮಸೂರ ಮಾಡಲು ಸಾಧ್ಯವೇ ನೋಡು ಅಂದ.

ವರ್ಷಗಳೇ ಹಿಡಿದವು. ಕೊನೆಗೆ 1872ರ ಹೊತ್ತಿಗೆ ಝೈಸ್ ಕಂಪನಿಯ ಮೈಕ್ರೋಸ್ಕೋಪುಗಳು ಅಬ್ಬೆಯ ಲೆಕ್ಕದ ಪ್ರಕಾರ ತಯಾರಾಗತೊಡಗಿದವು. ಅಬ್ಬೆ ಕಂಪನಿಯಲ್ಲಿ ಪಾಲುದಾರನಾದ. ಗಾಜು ತಜ್ಞ ಓಟೋ ಶಾಟ್ ಸೇರಿಕೊಂಡ ಮೇಲೆ 1884ರಲ್ಲಿ ಯೇನಾದಲ್ಲೇ ಗಾಜಿನ ಕಾರ್ಖಾನೆಯೂ ಬಂತು. ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬರ್ಟ್ ಕಾಖ್ ಬಳಸುತ್ತಿದ್ದದ್ದು ಇವರ ಮೈಕ್ರೋಸ್ಕೋಪುಗಳನ್ನೇ. 1900ರ ಹೊತ್ತಿಗೆ ಕಂಪನಿಯಲ್ಲಿ ಸಾವಿರಕ್ಕೂ ಹೆಚ್ಚು ಜನ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಅಬ್ಬೆ ಅಂದಾಜುಗಳನ್ನು ನಂಬುವ ಜಾಯಮಾನದವನಲ್ಲ. ಗಾಜಿನ ವಿಷಯದಲ್ಲಿ ಮಾಡಿದ್ದನ್ನೇ ಆತ ಮುಂದೆ ಮನುಷ್ಯನ ದಣಿವಿನ ವಿಷಯದಲ್ಲೂ ಮಾಡಿದ.

ದಾನ ಬೇಡ, ಹಕ್ಕು ಕೊಡಿ

1888ರಲ್ಲಿ ಕಾರ್ಲ್ ಝೈಸ್ ತೀರಿಕೊಂಡ. ಮರುವರ್ಷ ಅಬ್ಬೆ ಕಾರ್ಲ್ ಝೈಸ್ ಪ್ರತಿಷ್ಠಾನ ಸ್ಥಾಪಿಸಿದ. 1891ರಲ್ಲಿ ಕಂಪನಿಯ ಒಡೆತನವನ್ನೇ ಅದಕ್ಕೆ ಬಿಟ್ಟುಕೊಟ್ಟು, ತಾನು ಅಲ್ಲಿ ಸಂಬಳ ಪಡೆಯುವ ನಿರ್ದೇಶಕರಲ್ಲಿ ಒಬ್ಬನಾಗಿ ಉಳಿದ. ಕೋಟ್ಯಧಿಪತಿ ಆಗಬಹುದಾಗಿದ್ದವನು ತಿಂಗಳ ಸಂಬಳಕ್ಕೆ ಬಂದ ಅನ್ನಿ.

1896ರಲ್ಲಿ ಪ್ರತಿಷ್ಠಾನಕ್ಕೆ ಒಂದು ನಿಯಮಾವಳಿ ಬರೆದ. ನೌಕರರ ದೃಷ್ಟಿಯಿಂದ ಅದರಲ್ಲಿರುವ ಕೆಲವು ಅಂಶ ನೋಡಿ:

- ದಿನಕ್ಕೆ 9 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. ಓವರ್‌ಟೈಮ್ ಮಾಡು ಎಂದು ಒತ್ತಾಯಿಸುವಂತಿಲ್ಲ.
- ವೇತನ ಸಹಿತ ರಜೆ, ಕಾಯಿಲೆ ಬಿದ್ದಾಗ ನೆರವು, ಪಿಂಚಣಿ.
- ತಪ್ಪಿಲ್ಲದೆ ಕೆಲಸದಿಂದ ತೆಗೆದರೆ ಪರಿಹಾರ.
- ಜಾತಿ, ಮತ, ರಾಜಕೀಯ ಪಕ್ಷ ನೋಡಿ ಭೇದ ಮಾಡುವಂತಿಲ್ಲ.
- ನಿರ್ದೇಶಕರು ಸೇರಿದಂತೆ ಯಾರ ಸಂಬಳವೂ ಅನುಭವಿ ಕೆಲಸಗಾರರ ಸರಾಸರಿ ಗಳಿಕೆಯ 10 ಪಟ್ಟು ಮೀರುವಂತಿಲ್ಲ.

ಕೊನೆಯದನ್ನು ಇನ್ನೊಮ್ಮೆ ಓದಿಕೊಳ್ಳಿ. ನಮ್ಮ ಕಾಲದ ಸಿಇಒಗಳ ಸಂಬಳ ನೆನಪಿಸಿಕೊಂಡು ನಗು ಬಂದರೆ ತಪ್ಪಿಲ್ಲ :-)

ಕೆಲಸದಿಂದ ತೆಗೆದರೆ ಪರಿಹಾರ ಎಂಬುದರ ಹಿಂದೆ ಒಂದು ಒಳ್ಳೆಯ ಎಂಜಿನಿಯರಿಂಗ್ ಯೋಚನೆ ಇತ್ತು. ಆರ್ಡರ್ ಹೆಚ್ಚಾದಾಗ ಜನರನ್ನು ತುಂಬಿಕೊಂಡು, ಇಳಿದಾಗ ಹೊರಗೆ ಅಟ್ಟುವುದು ಮಾಲೀಕನಿಗೆ ಪುಕ್ಕಟೆ ಆಗಿರುವವರೆಗೂ ಆತ ಅದನ್ನೇ ಮಾಡುತ್ತಾನೆ. ಅದಕ್ಕೊಂದು ಬೆಲೆ ಇಟ್ಟರೆ, ಸೇರಿಸಿಕೊಳ್ಳುವಾಗಲೇ ಎರಡು ಸಲ ಯೋಚಿಸುತ್ತಾನೆ. ನಿರ್ಧಾರ ತೆಗೆದುಕೊಂಡವನೇ ಅದರ ಖರ್ಚನ್ನೂ ಹೊರಬೇಕು, ಅಷ್ಟೆ.

ಇವ್ಯಾವುದನ್ನೂ ಅಬ್ಬೆ ಉಪಕಾರ ಅಂತ ಕರೆಯಲಿಲ್ಲ. ಇದು ನೌಕರರ ಹಕ್ಕು, ಬರೆದಿಟ್ಟ ಹಕ್ಕು. ನಾಳೆ ಬರುವ ನಿರ್ದೇಶಕ ಕರುಣಾಮಯಿ ಆಗಿರಲಿ, ಕಟುಕನಾಗಿರಲಿ, ನಿಯಮ ನಿಯಮವೇ. ಗಿರಣಿ ಮಾಲೀಕನ ಕೃಪೆಯಲ್ಲಿ ಓದಿದ ಹುಡುಗ ಕೃಪೆಯನ್ನೇ ನಿಯಮಾವಳಿಯಿಂದ ತೆಗೆದುಹಾಕಿದ.

233 ಜನರ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. 1900ರ ಏಪ್ರಿಲ್ 1ರಿಂದ ಝೈಸ್ ಕಂಪನಿ 9 ಗಂಟೆಯ ದಿನವನ್ನು 8 ಗಂಟೆಗೆ ಇಳಿಸಿತು. ಮೊದಲಿಗೆ ಇದೊಂದು ಪ್ರಯೋಗ. ಅದಕ್ಕೂ ಮುಂಚೆ ಕೆಲಸಗಾರರನ್ನು ಕೇಳಿದರು: 9 ಗಂಟೆಯಲ್ಲಿ ಮಾಡುವಷ್ಟನ್ನು 8 ಗಂಟೆಯಲ್ಲಿ ಮಾಡಬಲ್ಲಿರಾ? ಹೆಚ್ಚಿನವರು ಹೂಂ ಅಂದರು.

(ಇಂಥ ಪ್ರಯೋಗಕ್ಕೆ ಅಬ್ಬೆಯೇ ಮೊದಲಿಗನಲ್ಲ. 1893ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ವಿಲಿಯಂ ಮೇಥರ್ ತನ್ನ ಕಬ್ಬಿಣದ ಕಾರ್ಖಾನೆಯಲ್ಲಿ ವಾರದ 53 ಗಂಟೆಯನ್ನು 48ಕ್ಕೆ ಇಳಿಸಿ ಒಂದು ವರ್ಷ ನೋಡಿದ್ದ. ನಷ್ಟವಾಗಲಿಲ್ಲ. ಮರುವರ್ಷ ಬ್ರಿಟಿಷ್ ಸರ್ಕಾರ ತನ್ನ ಮದ್ದುಗುಂಡಿನ ಕಾರ್ಖಾನೆಗಳಲ್ಲೂ ಅದನ್ನೇ ತಂದಿತು.)

ಅಬ್ಬೆ ಲೆಕ್ಕಕ್ಕೆ ಆರಿಸಿಕೊಂಡದ್ದು ಪೀಸ್ ರೇಟಿನ ಕೆಲಸಗಾರರನ್ನು. ನಮ್ಮಲ್ಲಿ ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಇಷ್ಟು ಅಂತ ಕೊಡುತ್ತಾರಲ್ಲ, ಹಾಗೆ. ಇವರ ಗಳಿಕೆ ನೋಡಿದರೆ ಎಷ್ಟು ಕೆಲಸ ಮಾಡಿದರು ಅಂತ ನೇರವಾಗಿ ಗೊತ್ತಾಗುತ್ತದೆ. ಹೊಸಬರನ್ನು, ಕಲಿಯುವವರನ್ನು ಬಿಟ್ಟು, ಎರಡೂ ವರ್ಷ ಕೆಲಸದಲ್ಲಿದ್ದ 233 ಅನುಭವಿಗಳನ್ನು ಆರಿಸಿದ. ಬದಲಾವಣೆಯ ಹಿಂದಿನ ಪೂರಾ ಒಂದು ವರ್ಷ, ಮುಂದಿನ ಪೂರಾ ಒಂದು ವರ್ಷ. ಪ್ರತಿ ಪೀಸಿಗೆ ಕೊಡುವ ದರದಲ್ಲಿ ಬದಲಾವಣೆ ಇಲ್ಲ.

ಫಲಿತಾಂಶ ಹೀಗಿತ್ತು. ಮೊದಲ ವರ್ಷ ಒಬ್ಬ ಕೆಲಸಗಾರನ ಗಂಟೆಯ ಸರಾಸರಿ ಗಳಿಕೆ 61.9 ಫೆನಿಗ್. (ಜರ್ಮನಿಯ ಪೈಸೆ ಅನ್ನಿ.) ಎರಡನೆಯ ವರ್ಷ 71.9 ಫೆನಿಗ್. ಅಂದರೆ 100 ಇದ್ದದ್ದು 116.2 ಆಯಿತು.

ಸ್ವಲ್ಪ ಲೆಕ್ಕ ಮಾಡೋಣ. 9 ಗಂಟೆಯ ಕೆಲಸ 8 ಗಂಟೆಯಲ್ಲಿ ಆಗಬೇಕಾದರೆ ಗಂಟೆಯ ಕೆಲಸ 100ರಿಂದ 112.5ಕ್ಕೆ ಏರಬೇಕು. ಅಷ್ಟಾದರೆ ಸರಿಗೆ ಸರಿ. ಇಲ್ಲಿ ಏರಿದ್ದು 116.2ಕ್ಕೆ. ಅಂದರೆ ದಿನಕ್ಕೆ ಒಂದು ಗಂಟೆ ಕಡಿಮೆ ದುಡಿದರೂ ದಿನದ ಒಟ್ಟು ಕೆಲಸ ಸುಮಾರು ಶೇಕಡಾ 3.3 ಹೆಚ್ಚಾಯಿತು. ವರ್ಷಕ್ಕೆ 300 ದಿನ ಕೆಲಸ ಅಂತಿಟ್ಟುಕೊಂಡರೆ, ಹತ್ತು ದಿನ ಹೆಚ್ಚಿಗೆ ಕೆಲಸ ಮಾಡಿದ ಹಾಗಾಯಿತು!

ಅಬ್ಬೆ ಅಷ್ಟಕ್ಕೇ ಬಿಡಲಿಲ್ಲ. ಕಾರ್ಖಾನೆಯ ಯಂತ್ರಗಳು ಎಳೆಯುವ ವಿದ್ಯುತ್ತನ್ನೂ ಬದಲಾವಣೆಯ ಮುಂಚೆ ಮತ್ತು ಆಮೇಲೆ ಅಳೆದು ನೋಡಿದ. ಗಂಟೆಗೆ ಹೆಚ್ಚು ಕೆಲಸ ಆಗುತ್ತಿರುವುದು ಅಲ್ಲೂ ಕಾಣಿಸಿತು.

ನನಗೆ ತುಂಬ ಹಿಡಿಸಿದ್ದು ಕೆಲಸಗಾರರು ಹೇಳಿದ ಮಾತು. ಮೊದಮೊದಲು ಅವರು ಅವಸರ ಅವಸರವಾಗಿ ಕೆಲಸ ಮಾಡಿದರಂತೆ. ಸ್ವಲ್ಪ ದಿನಕ್ಕೆ ಸುಸ್ತಾಗಿ, ಇದು ನಮ್ಮಿಂದ ಆಗದು ಎಂದು ಹಳೆಯ ಲಯಕ್ಕೇ ಮರಳಿದರಂತೆ. ಅಂದರೆ, ಮರಳಿದೆವು ಅಂತ ಅಂದುಕೊಂಡರು. ಲೆಕ್ಕ ನೋಡಿದರೆ ಗಳಿಕೆ ಕಡಿಮೆ ಆಗಿರಲೇ ಇಲ್ಲ! ಅವರಿಗೇ ಆಶ್ಚರ್ಯ. ಅವರ ಅರಿವಿಗೆ ಬಾರದ ಹಾಗೆ ಕೈ ಚುರುಕಾಗಿತ್ತು.

ಸುಮ್ಮನೆ ತಿರುಗುವ ಯಂತ್ರ

ಯಾಕೆ ಹೀಗಾಯಿತು? ಅಬ್ಬೆಯ ವಿವರಣೆ ಪಕ್ಕಾ ಎಂಜಿನಿಯರ್ ಶೈಲಿಯದು.

ಕೆಲಸಗಾರನ ದಣಿವಿಗೆ ಮೂರು ಕಾರಣ. ಒಂದು, ಆತ ನಿಜಕ್ಕೂ ಮಾಡಿದ ಕೆಲಸ. ಇದಕ್ಕೂ ಗಂಟೆಗೂ ಸಂಬಂಧ ಇಲ್ಲ. ನೂರು ಮಸೂರ ಉಜ್ಜಿದರೆ ನೂರರಷ್ಟು ದಣಿವು. ಎರಡು, ವೇಗ. ಬೇಗ ಬೇಗ ಮಾಡಿದರೆ ಸ್ವಲ್ಪ ಹೆಚ್ಚು ದಣಿವು. ಮೂರು, ಸುಮ್ಮನೆ ಅಲ್ಲಿ ಇರುವುದರ ದಣಿವು. ಒಂದೇ ಭಂಗಿಯಲ್ಲಿ ಕೂರುವುದು, ನಿಲ್ಲುವುದು, ಯಂತ್ರದ ಸದ್ದು, ಬಿಡದ ಗಮನ. ಕೆಲಸ ಮಾಡಲಿ ಬಿಡಲಿ, ಪ್ರತಿ ಗಂಟೆಗೂ ಇದು ಇದ್ದೇ ಇರುತ್ತದೆ. ಲೋಡ್ ಇಲ್ಲದೆ ತಿರುಗುವ ಯಂತ್ರವೂ ಕರೆಂಟ್ ತಿನ್ನುತ್ತದಲ್ಲ, ಹಾಗೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಒಂದೂ ರಿಕ್ವೆಸ್ಟ್ ಬರದಿದ್ದರೂ ಸರ್ವರ್ ಬಿಲ್ಲು ಓಡುತ್ತಲೇ ಇರುತ್ತದೆ.

ಗಂಟೆ ಇಳಿಸಿದರೆ ಮೂರನೆಯದು ನೇರವಾಗಿ ಇಳಿಯುತ್ತದೆ. ಜತೆಗೆ ವಿಶ್ರಾಂತಿಯ ಹೊತ್ತು ಹೆಚ್ಚುತ್ತದೆ. ಇವತ್ತಿನ ದಣಿವು ನಾಳೆ ಬೆಳಗ್ಗೆಯ ಹೊತ್ತಿಗೆ ಪೂರ್ತಿ ತೀರಬೇಕು. ದಿನಾ ಒಂದಿಷ್ಟು ಬಾಕಿ ಉಳಿದರೂ ಸಾಕು, ಅದು ಬಡ್ಡಿಯ ಹಾಗೆ ಬೆಳೆದು ವರ್ಷಗಳ ಮೇಲೆ ಮನುಷ್ಯನನ್ನು ಮುರಿಯುತ್ತದೆ. 48ಕ್ಕೆ ಮುದುಕನಾದ ಅಪ್ಪನನ್ನು ಕಂಡವನಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಂತ ಗಂಟೆ ಇಳಿಸಿದಷ್ಟೂ ಕೆಲಸ ಹೆಚ್ಚುತ್ತಾ ಹೋಗುತ್ತದೆ ಎಂದು ಆತ ಹೇಳಲಿಲ್ಲ. ಪ್ರತಿ ಕೆಲಸಕ್ಕೂ, ಪ್ರತಿ ಮನುಷ್ಯನಿಗೂ ಒಂದು ಸರಿಯಾದ ಬಿಂದು ಇದೆ. ಅದಕ್ಕಿಂತ ಕೆಳಗೆ ಹೋದರೆ ವೇಗ ಸಾಲದೆ ಕೆಲಸ ಕಡಿಮೆಯಾಗುತ್ತದೆ, ಮೇಲೆ ಹೋದರೆ ದಣಿವಿನಿಂದ ಕಡಿಮೆಯಾಗುತ್ತದೆ. ಆ ಬಿಂದುವನ್ನು ಹುಡುಕಬೇಕು, ಊಹಿಸಬಾರದು.

ದರ ಕಡಿಮೆ ಮಾಡಿದ್ದರೆ?

ಈ ಪ್ರಯೋಗ ಗೆದ್ದದ್ದು ಬರೀ ದೇಹಶಾಸ್ತ್ರದಿಂದಲ್ಲ ಅಂತ ನನಗನ್ನಿಸುತ್ತದೆ.

ಪೀಸ್ ರೇಟಿನ ಕಾರ್ಖಾನೆಗಳಲ್ಲಿ ಒಂದು ಹಳೆಯ ಆಟ ಇದೆ. ಕೆಲಸಗಾರ ಕೈಚಳಕದಿಂದ ಹೆಚ್ಚು ಮಾಡತೊಡಗಿದ ತಕ್ಷಣ ಮಾಲೀಕ ಪೀಸಿನ ದರ ಇಳಿಸುತ್ತಾನೆ. ಒಂದು ಸಲ ಹೀಗಾದರೆ ಸಾಕು, ಮುಂದೆ ಯಾರೂ ತಮ್ಮ ನಿಜವಾದ ವೇಗ ತೋರಿಸುವುದಿಲ್ಲ. ನಮ್ಮಲ್ಲೂ ಇದೇ ಅಲ್ಲವೇ? ಎರಡು ವಾರದ ಕೆಲಸವನ್ನು ಒಂದು ವಾರಕ್ಕೆ ಮುಗಿಸಿದರೆ ಮುಂದಿನ ಸಲ ಒಂದೇ ವಾರ ಕೊಡುತ್ತಾರೆ. ಅದಕ್ಕೇ ಎಲ್ಲರೂ ಎಸ್ಟಿಮೇಟ್ ಕೊಡುವಾಗ ಎರಡು ದಿನ ಸೇರಿಸಿಯೇ ಕೊಡುವುದು.

ಅಬ್ಬೆ ದರ ಮುಟ್ಟಲಿಲ್ಲ. ಹೆಚ್ಚು ಮಾಡಿದ್ದರ ಹಣ ಮಾಡಿದವನಿಗೇ ಹೋಯಿತು, ಉಳಿದ ಒಂದು ಗಂಟೆಯೂ ಅವನಿಗೇ ಹೋಯಿತು. ಕೆಲಸದಿಂದ ತೆಗೆದರೆ ಪರಿಹಾರ ಅನ್ನುವ ಬರಹ ಬೇರೆ ಕೈಯಲ್ಲಿತ್ತು. ಹಾಗಿದ್ದಾಗ ವೇಗ ಮುಚ್ಚಿಡುವ ಅಗತ್ಯ ಯಾರಿಗಿದೆ? 1896ರ ನಿಯಮಾವಳಿ ಇಲ್ಲದೆ 1900ರ ಪ್ರಯೋಗ ನಡೆದಿದ್ದರೆ 116.2 ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ನೆಮ್ಮದಿ ಮೊದಲು ಬಂತು, ಅಳತೆ ಆಮೇಲೆ ಬಂತು. ನಮ್ಮ ಎಷ್ಟೋ ಕಡೆ ಕ್ರಮ ಉಲ್ಟಾ: ಮೊದಲು ಅಳೆಯುತ್ತಾರೆ, ನೆಮ್ಮದಿಯನ್ನು ಬಹುಮಾನವಾಗಿ ಕೊಡುತ್ತೇವೆ ಅನ್ನುತ್ತಾರೆ.

ಆದರೂ...

ಅಬ್ಬೆಯನ್ನು ದೇವರು ಮಾಡುವುದು ಬೇಡ. ಕಾರ್ಮಿಕರ ಸಮಿತಿಗೆ ಮಾತಾಡುವ ಹಕ್ಕಿತ್ತು, ನಿರ್ಧಾರ ಮಾಡುವ ಹಕ್ಕಿರಲಿಲ್ಲ. ನಿಯಮಾವಳಿಯನ್ನೂ ಅಬ್ಬೆಯೇ ಬರೆದ, ಕಾರ್ಮಿಕರು ಕೂತು ಬರೆದದ್ದಲ್ಲ. ಮತ್ತೆ, 233 ಜನ ನುರಿತ ಕೈಗಳು. ಯೇನಾದ ಫಲಿತಾಂಶ ಎಲ್ಲ ಕೆಲಸಕ್ಕೂ ಹಾಗೇ ಹೊಂದುತ್ತದೆ ಅನ್ನಲಾಗದು. ಇನ್ನೂ ಕಹಿಯಾದ ಸಂಗತಿ ಎಂದರೆ, ಎರಡನೆಯ ಮಹಾಯುದ್ಧದಲ್ಲಿ ಇದೇ ಕಂಪನಿಯಲ್ಲಿ ಬಲವಂತದ ಕೂಲಿಗಳನ್ನು ದುಡಿಸಿಕೊಂಡರು. ಮತ ಭೇದ ಕೂಡದು ಎಂದು ಬರೆದಿಟ್ಟ ಕಂಪನಿಯಲ್ಲಿ! ಬರೆದ ಹಕ್ಕು ಕೃಪೆಗಿಂತ ಗಟ್ಟಿ ನಿಜ. ಆದರೆ ಅದನ್ನು ಕಾಯುವ ಜನ ಇಲ್ಲದಿದ್ದರೆ ಅದೂ ಕಾಗದವೇ.

ಇನ್ನೊಂದು ವಿಪರ್ಯಾಸ ಕೇಳಿ. ಬೇರೆಯವರ ದಣಿವನ್ನು ಅಷ್ಟು ಸೂಕ್ಷ್ಮವಾಗಿ ಅಳೆದ ಅಬ್ಬೆ ತಾನು ಮಾತ್ರ ಮಿತಿ ಇಲ್ಲದೆ ದುಡಿದ. ಆರೋಗ್ಯ ಕೆಟ್ಟು 1903ರಲ್ಲಿ ಕೆಲಸ ಬಿಟ್ಟ. 1905ರ ಜನವರಿಯಲ್ಲಿ, 65 ತುಂಬುವ ಕೆಲವೇ ದಿನ ಮುಂಚೆ ತೀರಿಕೊಂಡ.

ಆಮೇಲಿನ ಕಥೆ ಚರಿತ್ರೆಯ ಪುಸ್ತಕಗಳಲ್ಲಿದೆ. ನಮ್ಮ ದೇಶದಲ್ಲಿ ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲೇ 8 ಗಂಟೆಯ ದಿನ ತಂದಿತು. ಜರ್ಮನಿಯಲ್ಲಿ 1918ರಲ್ಲಿ ಅದು ಕಾನೂನಾಯಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊಟ್ಟಮೊದಲ ಒಪ್ಪಂದವೇ ದಿನಕ್ಕೆ 8, ವಾರಕ್ಕೆ 48 ಗಂಟೆಯ ಬಗ್ಗೆ. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯೂ ವಾರಕ್ಕೆ 48 ಅಂದಿತು. ಈಗ ಗಾಳಿ ಬೇರೆ ಕಡೆ ಬೀಸುತ್ತಿದೆ. 2023ರಲ್ಲಿ ನಮ್ಮ ಕರ್ನಾಟಕದಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಹಾಗೇ ಇಟ್ಟು ದಿನದ ಮಿತಿಯನ್ನು 12 ಗಂಟೆಯವರೆಗೆ ಹಿಗ್ಗಿಸಿದರು. 2024ರಲ್ಲಿ ಐಟಿ ಕಂಪನಿಗಳಿಗೆ ದಿನಕ್ಕೆ 14 ಗಂಟೆಯವರೆಗೆ ಅವಕಾಶ ಕೊಡುವ ಪ್ರಸ್ತಾಪ ಬಂದು, ನೌಕರರ ಸಂಘ ಗಟ್ಟಿಯಾಗಿ ವಿರೋಧಿಸಿತು.

ಸಾಫ್ಟ್‌ವೇರ್ ಕೆಲಸ ಮಸೂರ ಉಜ್ಜಿದ ಹಾಗಲ್ಲ, ಪೀಸ್ ಎಣಿಸಲಾಗದು, ಒಪ್ಪುತ್ತೇನೆ. ನೂರು ಸಾಲು ಕೋಡ್ ಬರೆದವನಿಗಿಂತ ನೂರು ಸಾಲು ಅಳಿಸಿದವನೇ ಎಷ್ಟೋ ಸಲ ಹೆಚ್ಚು ಕೆಲಸ ಮಾಡಿರುತ್ತಾನೆ. ಆದರೆ ಅಬ್ಬೆಯ ಮೂರನೆಯ ಕಾರಣ, ಆ ಸುಮ್ಮನೆ ತಿರುಗುವ ಯಂತ್ರ, ಅದು ನಮಗೇ ಹೇಳಿ ಮಾಡಿಸಿದ ಹಾಗಿದೆ. ಮ್ಯಾನೇಜರ್ ಹೊರಡುವವರೆಗೂ ಕೂತಿರುವುದು, ಮಾತಾಡಲು ಏನೂ ಇಲ್ಲದ ಮೀಟಿಂಗು, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹಸಿರು ಚುಕ್ಕೆ ಕಾಣಿಸಲೆಂದು ಎಚ್ಚರ ಇರುವುದು... ಇದರಲ್ಲಿ ಕೆಲಸ ಎಷ್ಟು, ಬರೀ ಇರುವಿಕೆ ಎಷ್ಟು?

ಹಾಗಾಗಿ, ಗಂಟೆ ಹೆಚ್ಚಿಸಿ ಅನ್ನುವ ಯಜಮಾನರಿಗೆ ನನ್ನದು ಮೂರೇ ಪ್ರಶ್ನೆ. ಜನರನ್ನು ಕೇಳಿದ್ದೀರಾ? ಹೆಚ್ಚು ಕೆಲಸದ ಲಾಭ ಮಾಡಿದವನಿಗೇ ಸಿಗುತ್ತದೆ ಎಂದು ಬರೆದುಕೊಡುತ್ತೀರಾ? ಒಂದು ವರ್ಷ ಅಳೆದು, ಬಂದ ಲೆಕ್ಕವನ್ನು ಎಲ್ಲರ ಮುಂದೆ ಇಡುತ್ತೀರಾ? ಯೇನಾದಲ್ಲಿ ಮೂರಕ್ಕೂ ಹೌದು ಅಂದ ಮೇಲೆ ಬಂದದ್ದು ಆ 116.2.

ನಿಮ್ಮ ಆಫೀಸಿನಲ್ಲಿ ಎಷ್ಟಕ್ಕೆ ಹೌದು ಅನ್ನುತ್ತಾರೆ? ಏನಂತೀರಿ?